ಇಪ್ಪತ್ತಾರನೇ ಬಾಯಿ

ರಸ್ತೆಗೂ ಹಸಿವಾಗುತ್ತದೆ ಎಂದರೆ ಹಿಂದಿನವರು ನಕ್ಕುಬಿಡುತ್ತಿದ್ದರು. ಆದರೆ ಡಾಂಬರು ಸಿಗದಂತಾಗಿ ಹತ್ತು ಹನ್ನೆರಡು ವರ್ಷವಾದ ಮೇಲೆ ಬೆಂಗಳೂರಿನ ಸುತ್ತ ಹಾಕಿದ್ದೆಲ್ಲ ಹಸಿವಾಗುವ ರಸ್ತೆಗಳೇ. ಜಲ್ಲಿಕಲ್ಲಿನ ಸಂದಿಯಲ್ಲಿ ಕಣ್ಣಿಗೆ ಕಾಣದ ಜೀವಾಣುಗಳನ್ನು ಬಿತ್ತುತ್ತಿದ್ದರು. ಅವು ಒಸರುವ ಅಂಟು ಕಲ್ಲಿಗೆ ಕಲ್ಲನ್ನು ಕಚ್ಚಿಸಿ ಹಿಡಿಯುತ್ತಿತ್ತು. ಲಾರಿ ಓಡಿ ಬಿರುಕು ಬಿಟ್ಟರೆ ಎರಡು ದಿನದಲ್ಲಿ ತಾನೇ ಮಾಯುತ್ತಿತ್ತು, ತರಚಿದ ಮೊಣಕೈ ಹಕ್ಕಳೆಗಟ್ಟಿ ಮಾಯುವ ಹಾಗೆ. ಜೀವರಸ್ತೆ ಎಂದು ಸರ್ಕಾರ ಹೆಸರಿಟ್ಟಿತು. ಅದು ಕೇಳುತ್ತಿದ್ದದ್ದು ವಾರಕ್ಕೆರಡು ಸಲ ಗಂಜಿ: ಸಕ್ಕರೆ ಕಾರ್ಖಾನೆಯ ಕಾಕಂಬಿ, ಅಕ್ಕಿ ತೌಡು, ಒಂದು ಹಿಡಿ ಯೂರಿಯಾ ಕದಡಿದ ಕಂದು ನೀರು. ಒಂದು ತಿಂಗಳು ಉಣಿಸದಿದ್ದರೆ ಅಂಟು ಪುಡಿಯಾಗಿ, ಕಲ್ಲೆಲ್ಲ ಸಡಿಲವಾಗಿ, ಹಳೇ ಡಾಂಬರು ರಸ್ತೆಗಿಂತ ಕೆಟ್ಟದಾಗಿ ಸಾಯುತ್ತಿತ್ತು.

ದೊರೆಸ್ವಾಮಿ ಈ ಗಂಜಿ ಉಣಿಸುವವನು. ವಯಸ್ಸು ಇಪ್ಪತ್ನಾಲ್ಕು, ಓದು ಏಳನೇ ಕ್ಲಾಸು, ಎದೆಯ ಮೇಲೆ ಹದಿನೇಳನೇ ನಂಬರಿನ ಇಲಾಖೆ ಬಿಲ್ಲೆ. ಹೆದ್ದಾರಿಯ ಅಂಚಿನಲ್ಲಿ ಹತ್ತು ಮೀಟರಿಗೊಂದು ಅಂಗೈಯಗಲದ ತೂತು ಇತ್ತು. ಕೆಲಸಗಾರರು ಅದನ್ನು ಬಾಯಿ ಅನ್ನುತ್ತಿದ್ದರು. ಮಂಗಳವಾರ, ಶನಿವಾರ ಬೆಳಗ್ಗೆ ವಾಹನ ಹೆಚ್ಚುವ ಮೊದಲು ಟ್ಯಾಂಕರ್ ನಿಧಾನಕ್ಕೆ ಮುಂದೆ ಹೋಗುತ್ತಿತ್ತು, ಅವನು ಪಕ್ಕದಲ್ಲಿ ನಡೆಯುತ್ತ ಬಾಯಿಗೊಂದು ಬಕೆಟ್ ಸುರಿಯುತ್ತಿದ್ದ. ಸುರಿದ ಮೇಲೆ ಬಾಗಿ ಅಂಗೈ ಊರಿ ನೋಡಬೇಕು. ಹಸಿದ ರಸ್ತೆ ತಣ್ಣಗೆ ಕೊರೆಯುತ್ತದೆ. ಉಂಡ ರಸ್ತೆ ಸಣ್ಣ ಜ್ವರದ ಮೈಯಂತೆ ಬೆಚ್ಚಗಾಗುತ್ತ ಬರುತ್ತದೆ. ಆಮೇಲೆ ಸುಣ್ಣದ ಡಬ್ಬಿಗೆ ಬ್ರಷ್ ಅದ್ದಿ ಅಂಚುಗಲ್ಲಿನ ಮೇಲೆ ತಾರೀಖು, ಕೆಳಗೆ ತನ್ನ ನಂಬರು. ಇನ್ನೊಬ್ಬ ಬಂದು ಮತ್ತೆ ಸುರಿದರೆ ರಸ್ತೆಗೆ ಅಜೀರ್ಣವಾಗಿ ಮೆತ್ತಗಾಗುತ್ತಿತ್ತು. ಹಾಗಾಗಿ ಉಣಿಸುವುದು, ಮುಟ್ಟುವುದು, ಬರೆಯುವುದು ಅವರ ಕೈಗೆ ಉಸಿರಾಡುವಷ್ಟು ರೂಢಿ.

ಅವನ ಪಾಲಿನ ರಸ್ತೆ ಹೊನ್ನೇಸಂದ್ರದಿಂದ ಶುರುವಾಗಿ ಹಳೇ ಟೋಲ್ ಗೇಟಿಗೆ ಮುಗಿಯುತ್ತಿತ್ತು. ಅಲ್ಲಿಂದ ಬೈಪಾಸಿನ ಮೇಲ್ಸೇತುವೆಯ ಬುಡದವರೆಗೆ ನಾನೂರ ಮೂವತ್ತು ಮೀಟರ್ ಯಾರದೂ ಅಲ್ಲ. ಬೈಪಾಸ್ ಕಟ್ಟಿದ ಕೇಂದ್ರದ ಪಥ ನಿಗಮ, ಈ ತುಂಡನ್ನು ರಾಜ್ಯಕ್ಕೆ ಒಪ್ಪಿಸಿದ್ದೇವೆ ಎಂದು ಕಾಗದ ಬರೆಯಿತು. ರಾಜ್ಯದ ಜೀವರಸ್ತೆ ಇಲಾಖೆ, ಕಾಗದ ತಲುಪಿದೆ, ರಸ್ತೆ ತಲುಪಿಲ್ಲ ಎಂದು ಮರುಕಾಗದ ಬರೆಯಿತು. ನಗರಸಭೆಯವರು ನಮಗೆ ಯಾರೂ ಕಾಗದವನ್ನೇ ಬರೆದಿಲ್ಲ ಎಂದು ಕೈ ಕಟ್ಟಿ ಕೂತರು. ಗಂಜಿಗೆ ಯಾರ ಖಜಾನೆಯಿಂದ ಹಣ ಬರಬೇಕು ಎಂಬ ವ್ಯಾಜ್ಯ ರಸ್ತೆ ಮಂಡಳಿಯ ಮುಂದೆ ಮೂರು ವರ್ಷ ಕೊಳೆಯಿತು. ರಸ್ತೆ ಅರ್ಜಿ ಹಾಕುವ ಮೊದಲೇ ಸತ್ತಿತ್ತು.

ಬೆಳಗಿನ ಹೊತ್ತು ಆ ನಾನೂರ ಮೂವತ್ತು ಮೀಟರ್ ದಾಟಲು ಎರಡೂವರೆ ಗಂಟೆ. ಜನ ಅದಕ್ಕೂ ಒಗ್ಗಿಕೊಂಡಿದ್ದರು. ಬಸ್ಸಿನ ಹಿಂದಿನ ಸೀಟಿನಲ್ಲಿ ಮೇಷ್ಟ್ರೊಬ್ಬರು ಲೆಕ್ಕದ ಟ್ಯೂಷನ್ ನಡೆಸುತ್ತಿದ್ದರು. ಹೆಂಗಸರು ಮನೆಯಿಂದ ಸೊಪ್ಪು ತಂದು ಬಿಡಿಸುತ್ತಿದ್ದರು. ತಟ್ಟೆ ಇಡ್ಲಿಯವನು ಯಾವ ಕಿಟಕಿಗೆ ಚಟ್ನಿ ಹೆಚ್ಚು ಎಂದು ಬಾಯಿಪಾಠ ಮಾಡಿಕೊಂಡಿದ್ದ. ಅಕ್ಕಪಕ್ಕ ನಿಂತ ಎರಡು ಬಸ್ಸುಗಳ ಕಿಟಕಿಯಲ್ಲೇ ಮಾತಾಗಿ ಒಂದು ಮದುವೆಯೂ ಆಗಿತ್ತು.

ದೊರೆಸ್ವಾಮಿಯ ಅಕ್ಕ ಪುಟ್ಟತಾಯಿ ಊರಿನಿಂದ ಪಟ್ಟಣಕ್ಕೆ ಹೊರಡುವ ಮೊದಲ ವ್ಯಾನಿನಲ್ಲಿ ಕೂತು ರವಿಕೆಗಳಿಗೆ ಹುಕ್ಕು ಹೊಲಿಯುತ್ತಿದ್ದಳು.

ಅವಳಿಗೆ ನಲವತ್ತೊಂದು. ಅಪ್ಪ ಅಮ್ಮ ಒಂದೇ ವರ್ಷದಲ್ಲಿ ಹೋದಾಗ ಅವನಿಗೆ ಐದು. ಅವಳು ಮದುವೆ ಗಿದುವೆ ಎನ್ನದೆ ಹೊಲಿಗೆ ಮೆಷಿನ್ ತುಳಿದು ಅವನನ್ನು ಸಾಕಿದಳು. ಈಗ ಅವಳ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ್ದವು. ಸೋಮವಾರ, ಬುಧವಾರ, ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ ಪಟ್ಟಣದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಇಲಾಖೆ ಕೆಲಸಗಾರನ ಕಾರ್ಡು ಇದ್ದುದರಿಂದ ಪುಕ್ಕಟೆ. ಅವಳು ಅದನ್ನು ರಕ್ತ ಒಗೆಸುವುದು ಎನ್ನುತ್ತಿದ್ದಳು. ನಾಲ್ಕು ಗಂಟೆ ಒಗೆಯಬೇಕು. ತಡವಾಗಿ ಹೋದರೆ ಮುಂದಿನ ಪಾಳಿಯವರು ಒಂದು ಗಂಟೆಗೆ ಮಂಚ ಕೇಳುತ್ತಿದ್ದರು; ಎರಡು ಗಂಟೆಯೋ ಒಂದೂವರೆಯೋ ದಕ್ಕಿದಷ್ಟು.

"ಹಿಂಗೇ ಅರ್ಧರ್ಧ ಆದ್ರೆ ಒಂದಿನ ಹಾರ್ಟ್ ನಿಂತುಬಿಡುತ್ತೆ," ಎಂದು ಡಾಕ್ಟರು ದೊರೆಸ್ವಾಮಿಯನ್ನು ಹೊರಗೆ ಕರೆದು ಹೇಳಿದ್ದರು.

ಆ ಸೋಮವಾರವೂ ವ್ಯಾನು ಗುಂಡಿಯೊಂದರಲ್ಲಿ ಮುಂಗಾಲೂರಿ ನಿಂತಿತ್ತು.

"ಏನ್ ಪುಟ್ಟತಾಯಕ್ಕ, ಇವತ್ತೆಷ್ಟು ರವಿಕೆ?" ಡ್ರೈವರ್ ಮುನಿಯಪ್ಪ ಕನ್ನಡಿಯಲ್ಲಿ ಕೇಳಿದ.

"ಮೂರು ತಂದಿವ್ನಿ. ನೀನು ಗಾಡಿ ಓಡ್ಸೋ ಚೆಂದ ನೋಡುದ್ರೆ ಇನ್ನೆರಡು ತರ್ಬೇಕಿತ್ತು."

"ನಾನೇನ್ ಮಾಡ್ಲಕ್ಕ. ಗಾಡಿ ನಿಂತಿರೋದು ಸರ್ಕಾರದ ಮೇಲೆ."

"ಯಾವ್ ಸರ್ಕಾರದ ಮೇಲೆ, ಅದ್ನೇಳು ಮೊದ್ಲು. ಮುಂದಿನ್ ಚಕ್ರ ಡೆಲ್ಲಿಯೋರ್ದೋ, ಹಿಂದಿನ್ ಚಕ್ರ ಇಲ್ಲಿಯೋರ್ದೋ?"

ವ್ಯಾನಿನಲ್ಲಿದ್ದವರು ನಕ್ಕರು. ದೊರೆಸ್ವಾಮಿ ನಗಲಿಲ್ಲ. ಅವನು ಅಕ್ಕನ ಪಾದ ನೋಡುತ್ತಿದ್ದ. ಚಪ್ಪಲಿಯ ಪಟ್ಟಿ ಊದಿದ ಮಾಂಸದೊಳಗೆ ಹೂತುಹೋಗಿತ್ತು. ಗಂಟೆ ಹತ್ತೂಕಾಲು.

*

ಮಾರನೇ ದಿನ ಅವನು ನೇರ ನಿಯಂತ್ರಣ ಕೊಠಡಿಗೆ ಹೋದ. ಗಂಜಿಯ ಲೆಕ್ಕ ಒಪ್ಪಿಸುವ ನೆಪವಿತ್ತು. ಜೂನಿಯರ್ ಇಂಜಿನಿಯರ್ ತಬಸ್ಸುಮ್ ಮೇಡಂ ಗೋಡೆಯಗಲದ ಪರದೆಯ ಮುಂದೆ ಕೂತಿದ್ದರು. ರಾಜ್ಯದ ರಸ್ತೆ ಹಸಿರು, ನಿಗಮದ ರಸ್ತೆ ನೀಲಿ. ಅದರ ಮೇಲೆ ಚುಕ್ಕಿಗಳಾಗಿ ವಾಹನಗಳು. ಹಸಿರು ಮುಗಿದು ನೀಲಿ ಶುರುವಾಗುವ ನಡುವೆ ಉಗುರಿನಷ್ಟು ಜಾಗ ಬಿಳಿ. ಚುಕ್ಕಿಗಳು ಹಸಿರಿನ ತುದಿಗೆ ಬಂದು ಆರಿಹೋಗುತ್ತಿದ್ದವು. ಎಷ್ಟೋ ಹೊತ್ತಿನ ಮೇಲೆ ನೀಲಿಯ ತುದಿಯಲ್ಲಿ ಹುಟ್ಟುತ್ತಿದ್ದವು.

"ಮೇಡಂ, ಅಲ್ಲಿ ಗಾಡಿಗಳು ಇರುವೆ ಸಾಲು ನಿಂತಂಗೆ ನಿಂತವೆ. ಇಲ್ಲಿ ಏನೂ ಇಲ್ವಲ್ಲ?"

"ಮಾಲೀಕರ ಕಾಲಂ ಖಾಲಿ ಇದೆ ದೊರೆಸ್ವಾಮಿ. ಮಾಲೀಕರಿಲ್ಲದ ರಸ್ತೇನ ಕಂಪ್ಯೂಟರ್ ರಸ್ತೆ ಅಂತಾನೇ ತಗೊಳಲ್ಲ. ಅದರ ಉದ್ದ ಸೊನ್ನೆ. ದಾಟೋಕೆ ಹಿಡಿಯೋ ಹೊತ್ತೂ ಸೊನ್ನೆ."

"ಮತ್ತೆ ಜಾಮು?"

"ಇಲ್ಲ. ವರದೀಲಿ ಈ ಮಾರ್ಗ ಸಲೀಸು. ಈ ವರ್ಷ ಬಹುಮಾನಕ್ಕೂ ಹೆಸರು ಕಳಿಸಿದಾರೆ." ಅವರು ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. "ಏಳು ಸಲ ಬರೆದಿದೀನಿ. ಎಂಟನೇ ಸಲ ಬರೆದ್ರೆ ನನ್ನನ್ನೂ ಬಿಳೀ ಮಾಡ್ತಾರೆ."

ದೊರೆಸ್ವಾಮಿಗೆ ಆ ಪರದೆಗೆ ಬಕೆಟ್ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಹೊರಗೆ ಬಂದು ಟ್ಯಾಂಕರ್ ತೊಳೆಯಲು ಹೋದ.

ತೊಳೆಯುವುದಕ್ಕೂ ಒಂದು ರೂಢಿಯಿತ್ತು. ಗಂಜಿಯ ಗಸಿ ತಳದಲ್ಲಿ ಉಳಿದರೆ ಹುಳಿತು ಮುಂದಿನ ಗಂಜಿಯನ್ನೂ ಕೆಡಿಸುತ್ತದೆ. ಅದಕ್ಕೇ ಪಾಳಿ ಮುಗಿದ ಮೇಲೆ ನೀರು ಬಿಟ್ಟು ಕಲಕಿ, ಆ ತೊಳೆದ ನೀರನ್ನು ತಮ್ಮ ರಸ್ತೆಯ ಗಡಿ ದಾಟಿಸಿ ಚೆಲ್ಲುತ್ತಿದ್ದರು. ಅವನು ಮೂರು ವರ್ಷದಿಂದ ಟೋಲ್ ಗೇಟಿನ ಆಚೆ, ಬಿಳಿ ತುಂಡಿನ ಮೊದಲ ಬಾಯಿಯ ಹತ್ತಿರವೇ ಚೆಲ್ಲುತ್ತಿದ್ದ. ಅವತ್ತು ಚೆಲ್ಲಿ, ಬಕೆಟ್ ಎತ್ತಿಕೊಳ್ಳಲು ಬಗ್ಗಿದಾಗ ಅಂಗೈ ನೆಲಕ್ಕೆ ತಾಗಿತು.

ಬೆಚ್ಚಗಿತ್ತು.

ಅವನು ಮಂಡಿಯೂರಿ ಸುತ್ತ ತಡವಿದ. ಮೊದಲ ಬಾಯಿಯ ಸುತ್ತ ಎರಡು ಮಾರು ರಸ್ತೆ ಕಪ್ಪಗೆ, ನುಣ್ಣಗೆ, ಬದುಕಿತ್ತು. ಎಂಜಲು ನೀರು ಕುಡಿದು ಬದುಕಿತ್ತು. ಅದರಾಚೆಗೆ ಪುಡಿಗಲ್ಲು. ಜೀವಾಣುಗಳು ಹಸಿವಿಗೆ ಸಾಯುವುದಿಲ್ಲ, ಮುದುರಿ ಆಳದಲ್ಲಿ ವರ್ಷಗಟ್ಟಲೆ ನಿದ್ದೆ ಮಾಡುತ್ತವೆ ಎಂದು ಕೆಲಸಕ್ಕೆ ಸೇರಿದಾಗ ಹೇಳಿಕೊಟ್ಟಿದ್ದರು. ಅವನು ಅದನ್ನು ಈಗ ನಂಬಿದ.

ಆವತ್ತಿನಿಂದ ಟ್ಯಾಂಕರನ್ನು ಒಂದರ ಬದಲು ಮೂರು ಸಲ ತೊಳೆಯತೊಡಗಿದ. ತನ್ನ ರಸ್ತೆಗೆ ಬಕೆಟ್ ಪೂರ್ತಿ ಸುರಿಯುತ್ತಿದ್ದವನು ನಾಲ್ಕು ಬೆರಳು ಕಡಿಮೆ ಸುರಿದ. ಅದು ಉಂಡು ಕೊಬ್ಬಿದ ರಸ್ತೆ, ಒಂದು ತುತ್ತು ಬಿಟ್ಟರೆ ಸೊರಗುವಂಥದಲ್ಲ. ಉಳಿದದ್ದನ್ನು ಬಿಳಿ ತುಂಡಿನ ನಲವತ್ಮೂರು ಬಾಯಿಗೂ ಹಂಚಿದ. ಕಿರಾಣಿ ಅಂಗಡಿಯವನಿಂದ ಹುಳ ಬಿದ್ದ ಬೆಲ್ಲ, ಹೋಟೆಲಿನಿಂದ ಅನ್ನ ಬಸಿದ ಗಂಜಿ ಬೇಡಿ ತಂದು ಬೆರೆಸಿದ. ನಿಂತ ಬಸ್ಸಿನವರಿಗೆ ಸುದ್ದಿ ಗೊತ್ತಾಗಿ ಅವರೂ ಹಳಸಿದ ಕಾಫಿ, ಉಳಿದ ಪಾಯಸ ಕಿಟಕಿಯಿಂದ ಬಾಯಿಗೆ ಗುರಿಯಿಟ್ಟು ಸುರಿಯುವುದು ಶುರುವಾಯಿತು.

ಆರನೇ ವಾರಕ್ಕೆ ಗುಂಡಿಗಳು ಅಂಚಿನಿಂದ ಕೂಡಿಕೊಂಡವು. ಒಂಬತ್ತನೇ ವಾರಕ್ಕೆ ಮುನಿಯಪ್ಪನ ವ್ಯಾನು ಟೋಲ್ ಗೇಟಿನಿಂದ ಮೇಲ್ಸೇತುವೆಗೆ ನಾಲ್ಕು ನಿಮಿಷದಲ್ಲಿ ಮುಟ್ಟಿತು. ತಟ್ಟೆ ಇಡ್ಲಿಯವನು ಅಲ್ಲಿಂದ ಅಂಗಡಿ ಎತ್ತಿದ.

"ಲೇ ದೊರೆ, ನನ್ ಕಸುಬಿಗೆ ಕಲ್ಲು ಹಾಕ್ದಲ್ಲೋ," ಎಂದಳು ಅಕ್ಕ. "ಒಂದು ರವಿಕೆಗೂ ಹುಕ್ಕು ಮುಗಿಯಲ್ಲ ಈಗ, ಅಷ್ಟರಲ್ಲಿ ಆಸ್ಪತ್ರೆ."

ನಾಲ್ಕು ಗಂಟೆ ಪೂರ್ತಿ ರಕ್ತ ಒಗೆಸಿಕೊಂಡು ಬಂದ ಅವಳ ಪಾದದಲ್ಲಿ ಮತ್ತೆ ಮೂಳೆ ಕಾಣಿಸಿತು. ಮೂರು ವರ್ಷದಿಂದ ಡಾಕ್ಟರು ಅವಳಿಗೆ ಬಾಳೆಹಣ್ಣು, ಎಳನೀರು ಮುಟ್ಟಬೇಡ ಎಂದಿದ್ದರು; ಅದರಲ್ಲಿರುವ ಲವಣ ಕಿಡ್ನಿ ಇಲ್ಲದವರ ಎದೆಬಡಿತವನ್ನೇ ನಿಲ್ಲಿಸುತ್ತದಂತೆ. ಈಗ ರಕ್ತ ಪರೀಕ್ಷೆ ನೋಡಿ, ತಿಂಗಳಿಗೊಮ್ಮೆ ಎರಡು ಗುಟುಕು ಎಳನೀರು ಕುಡಿಯಬಹುದು ಎಂದರು. ಅವಳು ಆ ಎರಡು ಗುಟುಕನ್ನು ಬಾಯಲ್ಲಿ ಹಿಡಿದುಕೊಂಡು ಕಣ್ಣು ಮುಚ್ಚಿ, ನುಂಗಲು ಮನಸ್ಸಿಲ್ಲದೆ ಕೂತದ್ದನ್ನು ದೊರೆಸ್ವಾಮಿ ನೋಡಿದ.

ಅವನು ಮಾಡಿದ ತಪ್ಪು ಒಂದೇ. ಉಣಿಸಿದ ಮೇಲೆ ಕೈ ತಾನಾಗಿ ಸುಣ್ಣದ ಡಬ್ಬಿಗೆ ಹೋಗುತ್ತಿತ್ತು. ನಲವತ್ಮೂರು ಬಾಯಿಯ ಪಕ್ಕದ ಅಂಚುಗಲ್ಲಿನ ಮೇಲೂ, ಒಂದೂ ಬಿಡದೆ, ತಾರೀಖು. ಕೆಳಗೆ ಹದಿನೇಳು.

*

ನಿಗಮದವರು ಆ ಗುರುತುಗಳ ಫೋಟೋ ತೆಗೆದು ಮಂಡಳಿಯ ಮುಂದಿಟ್ಟರು. ನೋಡಿ, ರಾಜ್ಯದ ಕೆಲಸಗಾರ, ರಾಜ್ಯದ ಬಿಲ್ಲೆ, ವಾರಕ್ಕೆರಡು ಸಲ. ಈ ರಸ್ತೆಯನ್ನು ರಾಜ್ಯ ಒಪ್ಪಿಕೊಂಡಿದೆ ಎಂಬುದಕ್ಕೆ ಇನ್ನೇನು ಬೇಕು? ಇಲಾಖೆ ಬೆಚ್ಚಿತು. ಇದೊಂದು ತುಂಡನ್ನು ಒಪ್ಪಿಕೊಂಡರೆ ರಾಜ್ಯದ ತುಂಬ ಇಂಥವು ಇನ್ನೂರು ಇವೆ, ಎಲ್ಲಕ್ಕೂ ಗಂಜಿ ಕಾಯಿಸಬೇಕಾಗುತ್ತದೆ. ಎರಡೂ ಕಡೆಯ ವಕೀಲರ ಮಾತು ಕೇಳಿದ ಮಂಡಳಿ, ತೀರ್ಪು ಬರುವ ತನಕ ಅರ್ಜಿ ಸಲ್ಲಿಸಿದ ದಿನ ರಸ್ತೆ ಹೇಗಿತ್ತೋ ಹಾಗೆಯೇ ಯಥಾಸ್ಥಿತಿ ಇರತಕ್ಕದ್ದು ಎಂದು ಆದೇಶಿಸಿತು.

ಅರ್ಜಿ ಸಲ್ಲಿಸಿದ ದಿನ ರಸ್ತೆ ಸತ್ತಿತ್ತು.

ದೊರೆಸ್ವಾಮಿಯನ್ನು ಕಾರ್ಯಪಾಲಕ ಇಂಜಿನಿಯರ್ ಕೋಣೆಗೆ ಕರೆಸಿದರು. ತಬಸ್ಸುಮ್ ಮೇಡಂ ಗೋಡೆಗೆ ಒರಗಿ ನಿಂತಿದ್ದರು, ಇವನ ಮುಖ ನೋಡಲಿಲ್ಲ. ಸಾಹೇಬರು ಕೆಟ್ಟ ಮನುಷ್ಯರೇನಲ್ಲ. ಕೂರಲು ಹೇಳಿದರು, ಟೀ ತರಿಸಿದರು.

"ನೋಡಪ್ಪಾ, ನಿನ್ನ ಮನಸ್ಸು ನಂಗರ್ಥ ಆಗುತ್ತೆ. ಆದ್ರೆ ನೀನು ಇಲಾಖೇನ ಸಿಕ್ಕಿಸಿ ಹಾಕಿದೀಯ. ಈಗ ಅದನ್ನ ಮೊದಲಿನ ಹಾಗೆ ಮಾಡ್ಬೇಕು."

"ಮೊದಲಿನ ಹಾಗೆ ಅಂದ್ರೆ ಸಾರ್?"

"ಉಪ್ಪು ನೀರು. ನಲವತ್ಮೂರು ಬಾಯಿಗೂ. ಗಾಢವಾಗಿ ಕಲಸಿದ್ರೆ ಮೂರು ವಾರ ಸಾಕು ಅಂತಾರೆ ಲ್ಯಾಬಿನೋರು. ಸುಣ್ಣದ ಗುರುತೂ ಉಜ್ಜಿ ತೆಗೀಬೇಕು."

"ಬದುಕಿರೋದನ್ನ ಸಾಯ್ಸೋದಾ ಸಾರ್?"

"ಯಥಾಸ್ಥಿತಿ," ಎಂದರು ಸಾಹೇಬರು. ಟೀ ಲೋಟದ ಕೆನೆಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದರು. "ನೀನೇ ಮಾಡ್ಬೇಕು. ನೀನೇ ಉಣಿಸಿದ್ದು ಆದೇಶ ಇಲ್ದೆ, ನೀನೇ ತೆಗೆದಿದ್ದು ಅಂತ ದಾಖಲೆ ಆಗ್ಬೇಕು. ಇಲ್ಲಾಂದ್ರೆ ಬಿಲ್ಲೆ ವಾಪಸ್ ಕೊಡು. ಕಾರ್ಡೂ."

ಕಾರ್ಡು ಹೋದರೆ ಡಯಾಲಿಸಿಸ್ ಹೋಯಿತು. ಅದು ಆ ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿತ್ತು.

ಮನೆಗೆ ಬಂದಾಗ ಅಕ್ಕ ಮೆಷಿನ್ನಿನ ಮುಂದೆ ಕೂತು ಯಾರದೋ ಲಂಗದ ಅಂಚು ಮಡಿಸುತ್ತಿದ್ದಳು. ಅವನು ಹೊಸ್ತಿಲಲ್ಲೇ ಕುಕ್ಕರಿಸಿ ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ದನಿ ಏರಿತು. ಆ ಸಾಹೇಬನಿಗೆ ಉಪ್ಪು ಕುಡಿಸುತ್ತೇನೆ ಎಂದ, ಮಂಡಳಿಗೆ ಬೆಂಕಿ ಹಚ್ಚುತ್ತೇನೆ ಎಂದ. ಅವಳು ಮೆಷಿನ್ ನಿಲ್ಲಿಸದೆ ಕೇಳಿಸಿಕೊಂಡಳು.

"ಆಯ್ತಾ?"

"ಆಯ್ತು."

"ಸುರಿ."

"ಅಕ್ಕ..."

"ಸುರಿಯೋ. ಬೆಂಕಿ ಹಚ್ಚಿ ನೀನು ಜೈಲಲ್ಲಿ ಕೂತ್ಕೊ, ನಾನಿಲ್ಲಿ ಉಬ್ಬಿಸ್ಕೊಂಡ್ ಸಾಯ್ತೀನಿ. ಕಾರ್ಡು ಇದ್ರೆ ಮಂಚ ಐತೆ. ರಸ್ತೆ ಇಲ್ದಿದ್ರೆ ನಡೀತೀನಿ, ಕಾಲಿಲ್ವಾ? ಅರ್ಧರ್ಧ ಒಗೆಸ್ಕೊಂಡೂ ಮೂರು ವರ್ಷ ಇರ್ಲಿಲ್ವಾ?" ಹಲ್ಲಿನಿಂದ ದಾರ ಕಡಿದಳು. "ಹುಕ್ಕೂ ಮುಗೀತವೆ."

ಶನಿವಾರ ಬೆಳಗ್ಗೆ ಅವನು ಉಪ್ಪು ಸುರಿದ. ಟ್ಯಾಂಕರ್ ಅದೇ, ಬಕೆಟ್ ಅದೇ. ಮೊದಲ ಬಾಯಿಗೆ ಸುರಿದಾಗ ರಸ್ತೆ ಗಂಜಿಯೆಂದೇ ತಿಳಿದು ಗುಟುಗುಟು ಹೀರಿಕೊಂಡಿತು. ಅವನು ರೂಢಿಯಂತೆ ಅಂಗೈ ಊರಿ, ಸುಟ್ಟುಕೊಂಡವನಂತೆ ಎಳೆದುಕೊಂಡ. ಉಳಿದ ನಲವತ್ತೆರಡಕ್ಕೆ ಮುಟ್ಟಿ ನೋಡಲಿಲ್ಲ. ತಂತಿ ಬ್ರಷ್ ಹಿಡಿದು ತನ್ನ ನಂಬರನ್ನು ತಾನೇ ಉಜ್ಜಿ ತೆಗೆದ. ಬಸ್ಸಿನ ಕಿಟಕಿಯಿಂದ ಯಾರೋ, "ಇವತ್ತೇನ್ ಉಣಿಸ್ತಿದೀಯಪ್ಪಾ?" ಎಂದು ಕೇಳಿದರು. ಅವನು ಮುಂದಿನ ಗುರುತಿಗೆ ಬ್ರಷ್ ಒತ್ತಿದ.

*

ಮೂರು ವಾರ ಬೇಕಾಗಲಿಲ್ಲ, ಎರಡಕ್ಕೇ ರಸ್ತೆ ಕುಸಿಯಿತು. ಈ ಸಲದ ಗುಂಡಿಗಳು ಮೊದಲಿಗಿಂತ ಆಳ. ಎರಡೂವರೆ ಗಂಟೆ ಹೋಗಿ ಮೂರೂವರೆ ಆಯಿತು. ಇಡ್ಲಿಯವನು ತಿರುಗಿ ಬಂದ. ಅಕ್ಕ ಮೊದಲೆರಡು ವಾರ ಹೇಳಿದಂತೆ ಇವನ ಹೆಗಲು ಹಿಡಿದು ನಡೆದಳು; ಆದರೆ ಆಚೆ ತುದಿಯಲ್ಲಿ ಆಟೋ ಸಿಗುತ್ತಿರಲಿಲ್ಲ, ತಿರುಗಿಸಿಕೊಂಡು ಬರಲು ಜಾಗವಿಲ್ಲದ ಕಡೆ ಖಾಲಿ ಆಟೋ ಯಾಕೆ ನಿಂತಿರುತ್ತದೆ. ಒಂದು ಸೋಮವಾರ ಒಂದು ಗಂಟೆ ದಕ್ಕಿತು. ಬುಧವಾರ ಮುಕ್ಕಾಲು ಗಂಟೆ.

ಶುಕ್ರವಾರ ಬೆಳಗ್ಗೆ ಎದ್ದಾಗ ಅವಳಿಗೆ ಮಲಗಲೂ ಆಗುತ್ತಿರಲಿಲ್ಲ, ಕೂರಲೂ ಆಗುತ್ತಿರಲಿಲ್ಲ. ತುಟಿ ನೀಲಿಗಟ್ಟಿತ್ತು. ದೊರೆಸ್ವಾಮಿ ಆಂಬುಲೆನ್ಸಿಗೆ ಫೋನ್ ಮಾಡಿದ. ಬಂದದ್ದು ಚಾಲಕನಿಲ್ಲದ ಹೊಸ ಗಾಡಿ. ಒಳಗೆ ನರ್ಸ್ ಒಬ್ಬಳೇ.

"ಸಿಸ್ಟರ್, ಕೆರೆ ದಾರೀಲಿ ಹೋಗ್ಲಿ. ಅಲ್ಲಿ ಬೇರೆ ಗಾಡಿ ಬಿಡಲ್ಲ, ಆಂಬುಲೆನ್ಸಿಗೆ ಬಿಡ್ತಾರೆ. ಸುತ್ತು ಆದ್ರೂ ಮುಟ್ತೀವಿ."

ನರ್ಸ್ ಪರದೆ ಒತ್ತಿದಳು, ಮತ್ತೆ ಒತ್ತಿದಳು. "ತಗೊಳ್ತಿಲ್ಲ ಅಣ್ಣ. ಟೋಲ್ ಗೇಟ್ ದಾರಿ ಹದಿನಾಲ್ಕೇ ನಿಮಿಷ ಅಂತಿದೆ. ಹತ್ತಿರದ ದಾರಿ ಬಿಟ್ಟು ಅದು ತಿರುಗಲ್ಲ."

"ಆ ದಾರೀಲಿ ರಸ್ತೇನೇ ಇಲ್ಲ ಸಿಸ್ಟರ್."

"ಅದಕ್ಕೇ ಅಣ್ಣ," ಎಂದಳು ಅವಳು, ಅಳುವಂತಾಗಿ. "ಅಲ್ಲಿ ರಸ್ತೆ ಇಲ್ಲ ಅಂತಾನೇ ಅದಕ್ಕೆ ಬೇಗ ಆಗುತ್ತೆ."

ಗಾಡಿ ನೆಟ್ಟಗೆ ಹೋಗಿ ಬಿಳಿ ತುಂಡಿಗೆ ನುಗ್ಗಿತು. ಒಂಬತ್ತನೇ ಬಾಯಿಯ ಹತ್ತಿರ ನಿಂತಿತು. ಹಿಂದೆ ಬಸ್ಸು, ಮುಂದೆ ಲಾರಿ, ಪಕ್ಕದಲ್ಲಿ ಮೊಣಕಾಲುದ್ದದ ಗುಂಡಿಗಳು. ಸೈರನ್ನು ಒಂದೇ ಸಮ ಕೂಗುತ್ತಿತ್ತು. ಅರ್ಧ ಗಂಟೆಯಲ್ಲಿ ಅದು ಒಂದು ಗಾಡಿಯುದ್ದವೂ ಸರಿಯಲಿಲ್ಲ. ಅಕ್ಕ ಆಕ್ಸಿಜನ್ ಮುಖವಾಡದೊಳಗೆ ಏನೋ ಹೇಳಿದಳು. ಇವನು ಬಗ್ಗಿದ.

"ರವಿಕೆ ಚೀಲ ತಂದ್ಯಾ?"

"ತಂದಿವ್ನಿ ಕಣಕ್ಕ."

ಅವನು ತಬಸ್ಸುಮ್ ಮೇಡಂಗೆ ಫೋನ್ ಹಚ್ಚಿದ. ಆ ಕಡೆ ಕೊಠಡಿಯ ಪರದೆಯಲ್ಲಿ ಆಂಬುಲೆನ್ಸಿನ ಕೆಂಪು ಚುಕ್ಕಿ ಹಸಿರಿನ ತುದಿಯಲ್ಲಿ ಆರಿದ್ದನ್ನು ಅವರು ಆಗಲೇ ಕಂಡಿದ್ದರು. "ದೊರೆಸ್ವಾಮಿ, ಕೇಳಿ. ಮೇಲ್ಸೇತುವೆ ಬುಡದಲ್ಲಿ ನಮ್ಮ ಇಲಾಖೆ ಜೀಪ್ ನಿಲ್ಲಿಸ್ತೀನಿ. ನಾನೇ ಹೇಳಿದೆ ಅನ್ನಿ. ಹೆಂಗಾದ್ರೂ ಮಾಡಿ ಅಲ್ಲೀವರೆಗೆ ಕರ್ಕೊಂಡು ಬನ್ನಿ."

ಅವನು ಬಾಗಿಲು ತೆರೆದು ಅಕ್ಕನನ್ನು ಬೆನ್ನಿಗೆ ಹಾಕಿಕೊಂಡ. ನರ್ಸ್ ಸಣ್ಣ ಸಿಲಿಂಡರ್ ಹಿಡಿದು ಹಿಂದೆ ಓಡಿದಳು. ಬಸ್ಸಿನವರು ಇಳಿದು ಸ್ಕೂಟರುಗಳನ್ನು ಎತ್ತಿ ಪಕ್ಕಕ್ಕಿಟ್ಟು ದಾರಿ ಬಿಟ್ಟರು. ಹತ್ತನೇ ಬಾಯಿ. ಹನ್ನೊಂದು. ಕಾಲ ಕೆಳಗೆ ಕಲ್ಲು ಪುಡಿಪುಡಿಯಾಗಿ ಜಾರುತ್ತಿತ್ತು; ಒಂದೊಂದು ಬಾಯಿಯ ಸುತ್ತಲೂ ಒಣಗಿದ ಉಪ್ಪಿನ ಬಿಳಿ ಉಂಗುರ. ತಾನೇ ಸುರಿದದ್ದು.

"ಇಳ್ಸೋ, ನಡೀತೀನಿ," ಎಂದಳು ಅಕ್ಕ ಕಿವಿಯ ಹತ್ತಿರ.

"ಸುಮ್ಕಿರಕ್ಕ."

"ಸ್ಕೂಲಿಗೆ ಹೊತ್ಕೊಂಡೋಗ್ವಾಗ... ನನ್ ಭುಜ ಕಚ್ಚಿದ್ದೆ ನೀನು. ಒಲ್ಲೆ ಅಂತ."

"ನೀನೂ ಕಚ್ಚು ಈಗ. ಕಚ್ಚಕ್ಕ."

"ಹಲ್ಲಲ್ಲಿ ಶಕ್ತಿ ಇಲ್ಲ ಕಣೋ."

ಹದಿನೆಂಟು. ಹತ್ತೊಂಬತ್ತು. ಅವಳ ಬಿಸಿಯುಸಿರು ಅವನ ಕತ್ತಿಗೆ ಬಡಿಯುತ್ತಿತ್ತು, ಬಿಟ್ಟು ಬಿಟ್ಟು. ಇಪ್ಪತ್ಮೂರು. ಇಪ್ಪತ್ತಾರನೇ ಬಾಯಿಯ ಹತ್ತಿರ ಅವನ ಎದೆಯ ಮೇಲೆ ಹೆಣೆದಿದ್ದ ಅವಳ ಎರಡು ಕೈ ಬಿಟ್ಟುಕೊಂಡವು. ಇಷ್ಟು ಹೊತ್ತು ಅವಳೇ ತನ್ನ ಭಾರವನ್ನು ಒಂದಿಷ್ಟು ಹೊತ್ತುಕೊಂಡಿದ್ದಳು. ಈಗ ಪೂರ್ತಿ ಇವನ ಮೇಲೆ ಬಂತು. ಕತ್ತಿನ ಹಿಂದೆ ಗಾಳಿ ತಣ್ಣಗಾಯಿತು.

ನರ್ಸ್ ಹಿಂದಿನಿಂದ, "ಅಣ್ಣ," ಎಂದಳು. "ಅಣ್ಣ, ನಿಲ್ಲಿ."

ಅವನು ನಿಲ್ಲಲಿಲ್ಲ. ಇಪ್ಪತ್ತೇಳು, ಇಪ್ಪತ್ತೆಂಟು ಎಂದು ಎಣಿಸುತ್ತ ನಲವತ್ಮೂರರವರೆಗೂ ಹೊತ್ತ. ಜೀಪು ಬಾಗಿಲು ತೆರೆದುಕೊಂಡು ನಿಂತಿತ್ತು.

*

ಮರಣ ಪತ್ರಕ್ಕೆ ನಗರಸಭೆಗೆ ಹೋದಾಗ ಗುಮಾಸ್ತರು ಸಾವಾದ ಸ್ಥಳ ಕೇಳಿದರು. ಇವನು ಹೇಳಿದ. ಅವರು ಕಂಪ್ಯೂಟರಿನಲ್ಲಿ ಹುಡುಕಿ, ಅಂಥ ಜಾಗ ಬರುತ್ತಿಲ್ಲ, ರಸ್ತೆ ಯಾರದೋ ಅವರಿಂದ ಕಾಗದ ತನ್ನಿ ಎಂದರು. ತಬಸ್ಸುಮ್ ಮೇಡಂ ಆ ದಿನದ ದಾಖಲೆ ಮುದ್ರಿಸಿ ಕೈಗಿಟ್ಟರು. ಆಂಬುಲೆನ್ಸ್ ಹಸಿರು ಬಿಟ್ಟದ್ದು ಎಂಟು ಹನ್ನೆರಡಕ್ಕೆ, ನೀಲಿ ಮುಟ್ಟಿದ್ದು ಹನ್ನೊಂದು ಐವತ್ತಕ್ಕೆ. ನಡುವಿನ ಪ್ರಯಾಣ: ಸೊನ್ನೆ ನಿಮಿಷ. ಕೆಳಗೆ ಅವರ ಸಹಿ, ಎಂಟನೇ ಸಲ ಬರೆದ ದೂರಿನ ಪ್ರತಿ.

"ನನ್ನನ್ನ ಬೇರೆ ಕಡೆಗೆ ಹಾಕಿದ್ರು," ಎಂದರು.

ಮೂರನೇ ದಿನ ಮಣ್ಣು ಮಾಡಿದ ಜಾಗಕ್ಕೆ ಹಾಲು ತುಪ್ಪ ಬಿಡುವುದು ಅವರಲ್ಲಿ ಪದ್ಧತಿ. ಸತ್ತವರಿಗೆ ಇಷ್ಟವಾದದ್ದನ್ನೂ ಎಡೆ ಇಡುತ್ತಾರೆ. ದೊರೆಸ್ವಾಮಿ ಎರಡು ಎಳನೀರು, ಒಂದು ಚಿಪ್ಪು ರಸಬಾಳೆಹಣ್ಣು ತಂದಿದ್ದ. ಮಣ್ಣಿಗೆ ಅರ್ಧ ಇಟ್ಟ. ಉಳಿದರ್ಧವನ್ನು ಚೊಂಬಿನಲ್ಲಿ ಹಿಸುಕಿ ಕಲಸಿಕೊಂಡು, ನಿಂತ ವಾಹನಗಳ ನಡುವೆ ನಡೆದು, ಇಪ್ಪತ್ತಾರನೇ ಬಾಯಿಗೆ ಸುರಿದ. ಅಕ್ಕನ ಕೊನೆಯ ಉಸಿರು ನಿಂತದ್ದು ಅಲ್ಲಿ. ಆಮೇಲೆ ಹನ್ನೊಂದನೇ ದಿನದವರೆಗೆ ದಿನಾ ಹೋದ. ಅವಳು ಮೂರು ವರ್ಷ ಕುಡಿಯದೆ ಬಿಟ್ಟ ಎಳನೀರನ್ನೆಲ್ಲ ಕುಡಿಸುವವನಂತೆ ಹೋದ. ರಸ್ತೆ ಬದುಕಲಿ ಎಂಬ ಯೋಚನೆ ಅವನಿಗಿರಲಿಲ್ಲ. ಉಪ್ಪು ಸುರಿದವನು ಅವನೇ, ಅದರ ಗಾಢತೆ ಅವನಿಗೆ ಗೊತ್ತಿತ್ತು.

ಮುಂದಿನ ಮಂಗಳವಾರ ಕಾರ್ಯಪಾಲಕ ಇಂಜಿನಿಯರ್ ಸಾಹೇಬರು ಯಥಾಸ್ಥಿತಿ ಪರಿಶೀಲನೆಗೆ ಬಂದರು. ದೊರೆಸ್ವಾಮಿ ಬಕೆಟ್ಟು, ಸುಣ್ಣದ ಡಬ್ಬಿ, ಉಪ್ಪುನೀರಿನ ಟ್ಯಾಂಕರಿನ ಜೊತೆ ಹಿಂದೆ ನಡೆದ. ಎರಡೂ ಕಡೆ ಪುಡಿಗಲ್ಲು, ಗುಂಡಿ, ಬಿಳಿ ಉಂಗುರ. ಸಾಹೇಬರು ಪಟ್ಟಿಯಲ್ಲಿ ಸರಿ ಗುರುತು ಹಾಕುತ್ತ ಹೋದವರು ಇಪ್ಪತ್ತಾರನೇ ಬಾಯಿಯ ಹತ್ತಿರ ನಿಂತರು.

ಅಲ್ಲಿ, ಒಬ್ಬ ಮನುಷ್ಯ ಮುದುರಿ ಮಲಗುವಷ್ಟು ಜಾಗ, ರಸ್ತೆ ಕಪ್ಪಗೆ ಕೂಡಿಕೊಂಡಿತ್ತು.

ದೊರೆಸ್ವಾಮಿ ಬಕೆಟ್ ಕೆಳಗಿಟ್ಟ. ಬಗ್ಗಿ ಅಂಗೈ ಊರಿದ. ಬಹಳ ಹೊತ್ತು ಹಾಗೇ ಊರಿಕೊಂಡಿದ್ದ.

"ಯಾರೋ ಉಣಿಸಿದಾರೆ ಇಲ್ಲಿ," ಎಂದರು ಸಾಹೇಬರು. "ಸುಣ್ಣದ ಗುರುತಿಲ್ಲ. ಯಾರದು?"

"ನಮ್ಮಕ್ಕಂದು ಸಾರ್."

ಸಾಹೇಬರು ಒಂದು ಗಳಿಗೆ ಬೇರೆ ಕಡೆ ನೋಡಿದರು. "ಕೇಳ್ದೆ ನಾನು. ಪಾಪ, ಹಂಗಾಗ್ಬಾರ್ದಿತ್ತು. ಆದ್ರೆ ಆದೇಶ ಆದೇಶಾನೇ ಕಣಪ್ಪಾ. ಒಂದು ಬಕೆಟ್ ಉಪ್ಪು ಬಿಟ್ಬಿಡು, ಮುಂದೆ ಹೋಗೋಣ. ನಿನ್ನ ಕಾರ್ಡಿಗೆ ತೊಂದ್ರೆ ಆಗ್ದಂಗೆ ನೋಡ್ಕೋತೀನಿ."

ಕಾರ್ಡು ಅವನ ಜೇಬಿನಲ್ಲೇ ಇತ್ತು. ಅದರಲ್ಲಿ ಅವಲಂಬಿತರು ಎಂಬ ಕಡೆ ಒಂದೇ ಒಂದು ಹೆಸರು. ಅವನು ಅದನ್ನು ತೆಗೆದು, ಎದೆಯ ಬಿಲ್ಲೆಯನ್ನೂ ಬಿಚ್ಚಿ, ಎರಡನ್ನೂ ಸಾಹೇಬರ ಪಟ್ಟಿಯ ಮೇಲಿಟ್ಟ. ಸುಣ್ಣದ ಡಬ್ಬಿಯ ಮುಚ್ಚಳ ತೆರೆದ. ಅಂಚುಗಲ್ಲಿನ ಧೂಳನ್ನು ಅಂಗಿಯ ತುದಿಯಿಂದ ಒರೆಸಿ ಬ್ರಷ್ ಅದ್ದಿದ. ಏಳನೇ ಕ್ಲಾಸಿನ ಅಕ್ಷರ, ದಪ್ಪ ದಪ್ಪ. ಮೊದಲು ಅಕ್ಕ ಹೋದ ಶುಕ್ರವಾರದ ತಾರೀಖು ಬರೆದ. ಕೆಳಗೆ, ನಂಬರ್ ಬರೆಯುವ ಕಡೆ, ಪುಟ್ಟತಾಯಿ ಎಂದು ಬರೆದ. ಸುಣ್ಣ ಕಲ್ಲಿನ ಮೇಲೆ ಇಳಿಯದಂತೆ ಪ್ರತಿ ಅಕ್ಷರದ ಬುಡವನ್ನೂ ಬೆರಳಿನಿಂದ ಒತ್ತಿದ.

ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಇಡ್ಲಿಯವನು ತಟ್ಟೆ ಹಿಡಿದುಕೊಂಡೇ ನಿಂತು ನೋಡುತ್ತಿದ್ದ.

"ಇದನ್ನ ನಿಗಮದೋರು ಫೋಟೋ ತೆಗೀತಾರೆ ದೊರೆಸ್ವಾಮಿ," ಎಂದರು ಸಾಹೇಬರು ತಗ್ಗಿದ ದನಿಯಲ್ಲಿ. "ಸಾಕ್ಷಿ ಆಗುತ್ತೆ ಇದು."

"ಆಗ್ಲಿ ಅಂತಾನೇ ಸಾರ್ ಬರ್ದಿದ್ದು."